ಗ್ರೆಗೋರಿಯನ್ ಚಾಂಟ್‌ಗೆ ಫಾಂಟ್ ಮಾಡೋದಾದ್ರೆ ಯಾವ ದಾರಿ ಹಿಡಿಯೋದು?

ಗ್ರೆಗೋರಿಯನ್ ಚಾಂಟ್ ಫಾಂಟ್ ಮಾಡೋಕೆ ಹೊರಟೋರು ಸಾಮಾನ್ಯವಾಗಿ ಮೊದಲು ಚೌಕ ಬರೆಯೋಕೆ ಕೂರ್ತಾರೆ. ಒಂದು ಕಪ್ಪು ಚೌಕ, ಅದಕ್ಕೊಂದು ಬಾಲ, ಆಮೇಲೆ ಓರೆಯಾಗಿ ನಿಂತ ಇನ್ನೊಂದು ಚೌಕ, ಇಷ್ಟಾದ್ರೆ ಅರ್ಧ ಕೆಲಸ ಆಯ್ತು ಅನ್ಸುತ್ತೆ. ನಾನು ಹೇಳೋದು ಚೌಕ ಆಮೇಲೆ ಬರೀರಿ, ಅದಕ್ಕೂ ಮುಂಚೆ ಒಂದು ವಿಷಯ ತೀರ್ಮಾನ ಮಾಡ್ಕೊಳ್ಳಿ: ಸ್ವರಗಳನ್ನ ಒಂದಕ್ಕೊಂದು ಅಂಟಿಸೋ ಕೆಲಸ ಯಾರದ್ದು? ಟೈಪ್ ಮಾಡೋರದ್ದಾ, ಫಾಂಟಿಂದಾ, ಇಲ್ಲಾ ಫಾಂಟನ್ನ ಬಳಸೋ ಸಾಫ್ಟ್‌ವೇರಿಂದಾ? ಇದೊಂದು ಗೊತ್ತಾದ್ರೆ ಎಷ್ಟು ಗ್ಲಿಫ್ (ಫಾಂಟಿನೊಳಗಿನ ಒಂದೊಂದು ಆಕಾರ) ಬೇಕು, ಯಾವ ಟೂಲ್ ಬೇಕು, ನಿಮ್ಮ ಫಾಂಟು ಎಲ್ಲೆಲ್ಲಿ ಓಡುತ್ತೆ ಅನ್ನೋದೆಲ್ಲ ಅದರಿಂದಾನೇ ನಿರ್ಧಾರ ಆಗುತ್ತೆ.

ಈ ಲಿಪಿ ನೋಡದೇ ಇರೋರಿಗೆ ಸ್ವಲ್ಪ ಹಿನ್ನೆಲೆ. ಗ್ರೆಗೋರಿಯನ್ ಚಾಂಟ್ ಅಂದ್ರೆ ಕ್ಯಾಥೊಲಿಕ್ ಚರ್ಚಿನ ಹಳೇ ಲ್ಯಾಟಿನ್ ಗಾಯನ, ಹಾರ್ಮನಿ ಇಲ್ಲ, ಈಗಿನ ಥರ ತಾಳದ ಕಟ್ಟು ಇಲ್ಲ, ಒಂದೇ ರಾಗದೆಳೆಯನ್ನ ಎಲ್ರೂ ಸೇರಿ ಹಾಡೋದು. ಅದನ್ನ ಬರೆಯೋದು ನಾಲ್ಕು ಗೆರೆ ಮೇಲೆ. ಗೆರೆ ಮೇಲೆ ಸ್ವರ ಕೂರಿಸೋ ಪದ್ಧತಿಯನ್ನ 11ನೇ ಶತಮಾನದಲ್ಲಿ ಇಟಲಿಯ ಅರೆತ್ಸೋದ ಗ್ವಿದೋ ನೆಲೆಗೊಳಿಸಿದ. ಗೆರೆ ಮೇಲೆ ಕೂರೋ ಗುರುತುಗಳಿಗೆ ನ್ಯೂಮ್ ಅಂತ ಹೆಸರು. ಒಂಟಿ ಚೌಕ ಪುಂಕ್ಟುಮ್, ಬಾಲ ಇರೋದು ವಿರ್ಗ, ಕೆಳಗಿಂದ ಮೇಲಕ್ಕೆ ಎರಡು ಸ್ವರ ಆದ್ರೆ ಪೊಡಾಟುಸ್, ಮೇಲಿಂದ ಕೆಳಕ್ಕೆ ಆದ್ರೆ ಕ್ಲಿವಿಸ್, ಕೆಳಗೆ-ಮೇಲೆ-ಕೆಳಗೆ ಆದ್ರೆ ಟೊರ್ಕುಲುಸ್, ಮೇಲೆ-ಕೆಳಗೆ-ಮೇಲೆ ಆದ್ರೆ ಪೊರೆಕ್ಟುಸ್. ಹೀಗೇ ಬೆಳೀತಾ ಹೋಗುತ್ತೆ. ಈಗಿನ ಸ್ಟಾಫ್ ನೊಟೇಶನ್ನಲ್ಲಿ ಪ್ರತಿ ಸ್ವರ ಬಿಡಿಬಿಡಿಯಾಗಿ ನಿಂತಿರುತ್ತೆ, ಇಲ್ಲಿ ಹಾಗಲ್ಲ, ಎರಡು ಮೂರು ನಾಲ್ಕು ಸ್ವರ ಸೇರಿ ಒಂದೇ ಆಕಾರ ಆಗುತ್ತೆ, ಆ ಆಕಾರ ಸ್ವರಗಳ ನಡುವಿನ ಅಂತರಕ್ಕೆ ತಕ್ಕಂತೆ ಬದಲಾಗುತ್ತೆ. ಕಷ್ಟ ಶುರು ಆಗೋದೇ ಅಲ್ಲಿ.

ಲೆಕ್ಕ ಹಾಕಿ ನೋಡಿ. ಎರಡು ಸ್ವರದ ಮಧ್ಯೆ 1ರಿಂದ 5 ಮೆಟ್ಟಿಲಿನ ಅಂತರ ಸಾಕು ಅಂತ ಇಟ್ಕೊಂಡ್ರೆ ಪೊಡಾಟುಸ್‌ಗೆ 5 ಆಕಾರ. ಟೊರ್ಕುಲುಸ್‌ಗೆ ಎರಡು ಅಂತರ ಇರೋದ್ರಿಂದ 25. ಅದಕ್ಕೆ ಇನ್ನೊಂದು ಸ್ವರ ಸೇರಿದ್ರೆ 125. ಪ್ರತಿಯೊಂದಕ್ಕೂ ಕೊನೆ ಸ್ವರ ಸಣ್ಣದಾಗೋ ಲಿಕ್ವೆಸೆಂಟ್ ರೂಪಗಳು ಬೇರೆ, ಮೊದಲ ಸ್ವರ ಸಣ್ಣದಾಗೋ ರೂಪಗಳು ಬೇರೆ, ಕ್ವಿಲಿಸ್ಮಾ ಅನ್ನೋ ಹಲ್ಲುಹಲ್ಲಾಗಿರೋ ಸ್ವರದಿಂದ ಶುರುವಾಗೋವು ಬೇರೆ. ನೋಡ್ತಾ ನೋಡ್ತಾ ಸಾವಿರ ದಾಟುತ್ತೆ. ಅಂತರದ ಮಿತಿಯನ್ನ 5ರಿಂದ 7ಕ್ಕೆ ಏರಿಸಿದ್ರೆ ನಾಲ್ಕು ಸ್ವರದ ಒಂದೊಂದು ಜಾತಿಗೂ 125 ಇದ್ದದ್ದು 343 ಆಗುತ್ತೆ. ಒಂದು ಫಾಂಟ್ ಫೈಲಲ್ಲಿ 65,535ಕ್ಕಿಂತ ಹೆಚ್ಚು ಗ್ಲಿಫ್ ಹಿಡಿಯಲ್ಲ, ಅದು ಓಪನ್‌ಟೈಪ್ ಅನ್ನೋ ಫಾಂಟ್ ಫೈಲ್ ಮಾದರಿ ಹಾಕಿರೋ ಗಡಿ. ಇದನ್ನ ಕೈಯಲ್ಲಿ ಒಂದೊಂದಾಗಿ ಬರೆಯೋಕೆ ಹೋದ್ರೆ ಯಾರಿಗೂ ಮುಗಿಯಲ್ಲ.

ಕನ್ನಡ ಫಾಂಟ್ ಗೊತ್ತಿರೋರಿಗೆ ಇದು ಹೊಸ ತಲೆನೋವೇನಲ್ಲ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಅಕ್ಷರದ ಮೈ ಬೇರೆ ತುಣುಕು, ಕೊಂಬು ಬೇರೆ, ಒತ್ತು ಬೇರೆ, ಆ ತುಣುಕುಗಳನ್ನ ಪಕ್ಕಪಕ್ಕ ಇಟ್ಟು ಅಕ್ಷರ ಕಾಣೋ ಹಾಗೆ ಮಾಡ್ತಿದ್ವಿ, ಯೂನಿಕೋಡ್ ಬಂದಮೇಲೆ ನಾವು ಬರೀ ಕ್ + ಷ ಅಂತ ಹೇಳಿದ್ರೆ ಸಾಕು ಫಾಂಟ್ ಒಳಗಿನ ನಿಯಮಗಳೇ ಜೋಡಿಸ್ಕೊಳ್ತಾವೆ. ಚಾಂಟ್ ಫಾಂಟುಗಳಲ್ಲೂ ಹೀಗೇ ಬೇರೆ ಬೇರೆ ಪೀಳಿಗೆ ಇವೆ, ವ್ಯತ್ಯಾಸ ಏನಂದ್ರೆ ಇಲ್ಲಿ ಎಲ್ಲಾ ಪೀಳಿಗೆಗಳೂ ಇವತ್ತಿಗೂ ಬಳಕೆಯಲ್ಲಿವೆ.

ಮೊದಲನೇದು, ಕೀಬೋರ್ಡಲ್ಲಿ ನೇರ ಟೈಪ್ ಮಾಡೋ ಫಾಂಟು

ವರ್ಡ್ ಅಥವಾ ಲಿಬ್ರೆಆಫೀಸ್ ತೆಗೆದು, ಫಾಂಟ್ ಆರಿಸಿ, ಕೀ ಒತ್ತಿದ್ರೆ ಗೆರೆ ಸಮೇತ ನ್ಯೂಮ್ ಬರುತ್ತೆ. ಅಮೆರಿಕದ ಇಂಡಿಯಾನಾದಲ್ಲಿರೋ ಸೇಂಟ್ ಮೈನ್‌ರಾಡ್ ಮಠ ಹಂಚಿದ ಫಾಂಟುಗಳು ಈ ಜಾತಿಯವು. ಫಾದರ್ ಮ್ಯಾಥ್ಯೂ ಸ್ಪೆನ್ಸರ್ ಮಾಡಿದ ಸೆಸಿಲಿಯೆ ಫಾಂಟು ಕೂಡ ವರ್ಡ್ ಪ್ರೊಸೆಸರಲ್ಲಿ ಟೈಪ್ ಮಾಡೋರಿಗಾಗೇ ಹುಟ್ಟಿದ್ದು. ಇದರ ಅನುಕೂಲ ಕಡಿಮೆ ಅಂತ ಯಾರೂ ಅಂದ್ಕೋಬೇಡಿ, ಭಾನುವಾರದ ಒಂದು ಹಾಳೆಗೆ ಎರಡು ಸಾಲು ಅಂಟಿಫನ್ (ಪ್ರಾರ್ಥನೆ ಜೊತೆ ಬರೋ ಚಿಕ್ಕ ಹಾಡು) ಹಾಕ್ಬೇಕು ಅನ್ನೋ ಕಾಯರ್ ಮಾಸ್ಟರಿಗೆ ಇದಕ್ಕಿಂತ ಬೇಗ ಆಗೋದು ಬೇರೆ ಇಲ್ಲ.

ಡಿಸೈನ್ ಮಾಡೋರ ಕಡೆಯಿಂದ ನೋಡಿದ್ರೆ ಮಾತ್ರ ಇದು ದುಬಾರಿ. ಗೆರೆನೂ ಗ್ಲಿಫ್ ಒಳಗೇ ಇರೋದಾದ್ರೆ ಒಂದು ಪುಂಕ್ಟುಮ್ ಅಂದ್ರೆ ಒಂದು ಗ್ಲಿಫ್ ಅಲ್ಲ, ಅದು ಕೂರೋ ಪ್ರತಿ ಎತ್ತರಕ್ಕೂ ಒಂದೊಂದು. ನಾಲ್ಕು ಗೆರೆ, ಮಧ್ಯದ ಮೂರು ಜಾಗ, ಮೇಲೆ ಕೆಳಗೆ ಮೂರು ಮೂರು, ಒಟ್ಟು 13 ಜಾಗ ಅಂತಿಟ್ಕೊಂಡ್ರೆ ಮೇಲೆ ಹೇಳಿದ ಲೆಕ್ಕಾನೆಲ್ಲ ಹೆಚ್ಚುಕಮ್ಮಿ 13ರಿಂದ ಗುಣಿಸ್ಬೇಕು. ಕೀಬೋರ್ಡಲ್ಲಿ ಅಷ್ಟು ಕೀ ಇಲ್ಲದಿರೋದ್ರಿಂದ ಅಪರೂಪದ ನ್ಯೂಮ್‌ಗಳನ್ನ ಬಿಟ್ಬಿಡೋದೇ ಗತಿ ಆಗುತ್ತೆ. ಇನ್ನೊಂದು ಕಾಟ ಕೀಲುಗಳದ್ದು: ಒಂದು ಗ್ಲಿಫ್‌ನ ಗೆರೆ ಮುಗಿದು ಪಕ್ಕದ್ದು ಶುರುವಾಗೋ ಕಡೆ ಸ್ಕ್ರೀನ್ ಮೇಲೆ ಕೂದಲೆಳೆಯಷ್ಟು ಬಿರುಕು ಕಾಣುತ್ತೆ, ಅದಕ್ಕೆ ಗೆರೆಯನ್ನ ಗ್ಲಿಫ್‌ನ ಅಗಲಕ್ಕಿಂತ ಕೆಲವು ಯೂನಿಟ್ ಆಚೆಗೆ ಚಾಚಿ ಒಂದರ ಮೇಲೊಂದು ಬರೋ ಹಾಗೆ ಮಾಡ್ಬೇಕು.

ಎಲ್ಲಕ್ಕಿಂತ ನನಗೆ ಬೇಜಾರು ಅನ್ಸೋದು ಬಣ್ಣದ ವಿಷಯ. ರೋಮಲ್ಲಿ ಉಲ್ರಿಶ್ ಹಾನ್ 1476ರಲ್ಲಿ ಮಿಸ್ಸಾಲೆ ಅನ್ನೋ ಪೂಜಾಪುಸ್ತಕ ಅಚ್ಚು ಹಾಕಿದಾಗ ಕೆಂಪು ಗೆರೆಗಳನ್ನ ಒಂದು ಸಲ, ಕಪ್ಪು ಸ್ವರಗಳನ್ನ ಇನ್ನೊಂದು ಸಲ, ಹೀಗೆ ಎರಡು ಮುದ್ರೆ ಒತ್ತಿದ್ದ. ಕೆಂಪು ಗೆರೆ ಮೇಲೆ ಕಪ್ಪು ನ್ಯೂಮ್ ಈ ಲಿಪಿಯ ಹುಟ್ಟುಸ್ವಭಾವ ಅಂತಲೇ ಹೇಳ್ಬಹುದು, ಹಾಡೋರ ಕಣ್ಣಿಗೂ ಅದು ಎಷ್ಟೋ ಹಿತ. ಗೆರೆ ಮತ್ತೆ ಸ್ವರ ಒಂದೇ ಗ್ಲಿಫ್ ಆಗಿಬಿಟ್ರೆ ಎರಡಕ್ಕೂ ಒಂದೇ ಬಣ್ಣ, ಬೇರೆ ಮಾಡೋಕಾಗಲ್ಲ. ಇಷ್ಟು ಕಾರಣಕ್ಕೇ ಪುಸ್ತಕ ಮಾಡೋರಿಗೆ ನಾನು ಈ ದಾರಿ ಹೇಳಲ್ಲ.

ಎರಡನೇದು, ಮೊದಲೇ ಜೋಡಿಸಿಟ್ಟ ನ್ಯೂಮ್‌ಗಳು, ಗ್ರೆಗೋರಿಯೋ ದಾರಿ

ಗ್ರೆಗೋರಿಯೋ ಅನ್ನೋದು 2006ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಊರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾದ ಫ್ರೀ ಸಾಫ್ಟ್‌ವೇರ್, ಟೆಕ್ ಅನ್ನೋ ಪುಟ ಜೋಡಿಸೋ ಪ್ರೋಗ್ರಾಮ್ ಜೊತೆ ಕೆಲಸ ಮಾಡುತ್ತೆ, ಈಗ ಟೆಕ್ ಲೈವ್ ಅನ್ನೋ ಅದರ ಪ್ಯಾಕೇಜ್ ಹಾಕ್ಕೊಂಡ್ರೆ ಅದರಲ್ಲೇ ಬರುತ್ತೆ, ಓಡೋಕೆ ಲುವಾಟೆಕ್ ಅನ್ನೋ ಟೆಕ್ ರೂಪ ಬೇಕು. ಇದರಲ್ಲಿ ಜಿಎಬಿಸಿ ಅನ್ನೋ ಸರಳ ಟೆಕ್ಸ್ಟ್ ಫೈಲಲ್ಲಿ ಹಾಡು ಬರೀತೀರಿ: ಲ್ಯಾಟಿನ್ ಉಚ್ಚಾರಾಂಶ, ಅದರ ಪಕ್ಕ ಬ್ರಾಕೆಟಲ್ಲಿ ಎತ್ತರ ಹೇಳೋ ಅಕ್ಷರಗಳು. ಎತ್ತರ ಅಂದ್ರೆ ಸರಿಗಮದ ಹೆಸರಲ್ಲ, ಗೆರೆ ಮೇಲಿನ ಜಾಗ, ಕೆಳಗಿಂದ ಮೇಲಕ್ಕೆ ಎ-ಯಿಂದ ಎಂ-ವರೆಗೆ 13 ಜಾಗ. ಅಕ್ಷರಗಳನ್ನ ಓದಿ ಇದು ಕ್ಲಿವಿಸ್ಸು, ಇದು ಪೊರೆಕ್ಟುಸ್ಸು, ಅಂತರ ಇಷ್ಟು ಅಂತ ಪ್ರೋಗ್ರಾಮ್ ಕಂಡ್ಹಿಡಿದು, ಆ ಹೆಸರಿನ ರೆಡಿ ಗ್ಲಿಫನ್ನ ಫಾಂಟಿಂದ ತೆಗೆದು ಸರಿಯಾದ ಎತ್ತರಕ್ಕೆ ಕೂರಿಸುತ್ತೆ. ಗೆರೆಗಳನ್ನ ಅದೇ ಬೇರೆಯಾಗಿ ಎಳೆಯುತ್ತೆ, ಕೆಂಪು ಬೇಕಂದ್ರೆ ಕೆಂಪು.

ಡಿಸೈನರಿಗೆ ಇಲ್ಲಿರೋ ದೊಡ್ಡ ಲಾಭ, ನೀವು ಸಾವಿರಾರು ಗ್ಲಿಫ್ ಬರೆಯಬೇಕಾಗಿಲ್ಲ. ಫಾಂಟ್‌ಫೋರ್ಜ್ ಅನ್ನೋ ಫಾಂಟ್ ಬರೆಯೋ ಸಾಫ್ಟ್‌ವೇರಲ್ಲಿ ಮೂಲ ತುಣುಕುಗಳ ಫೈಲ್ ಒಂದು ಇರುತ್ತೆ, ಚೌಕ, ಬಾಲಗಳು, ಓರೆ ಪಟ್ಟಿಗಳು, ಸಣ್ಣ ಸ್ವರಗಳು, ಕ್ವಿಲಿಸ್ಮಾ, ಅಷ್ಟನ್ನ ಚೆನ್ನಾಗಿ ಬರೆದ್ರೆ ಒಂದು ಪೈಥಾನ್ ಸ್ಕ್ರಿಪ್ಟು ಅವನ್ನ ಎಲ್ಲಾ ಅಂತರಗಳಿಗೂ ಜೋಡಿಸಿ ಪೂರ್ತಿ ಫಾಂಟ್ ಹೊರಗೆ ಹಾಕುತ್ತೆ. ತುಣುಕಲ್ಲಿ ಒಂದು ತಿದ್ದುಪಡಿ ಮಾಡಿ ಸ್ಕ್ರಿಪ್ಟ್ ಮತ್ತೆ ಓಡಿಸಿದ್ರೆ ಎಲ್ಲಾ ಕಡೆ ಬದಲಾಗುತ್ತೆ. ಇದಕ್ಕೆ ಅಂತ ಸಿಗೋ ಫಾಂಟುಗಳು ಗ್ರೆಸಿಲಿಯೆ, ಗ್ರೆಗೋರಿಯೋ, ಗ್ರಾನಾಪದಾನೋ ಅಂತ ಮೂರು, ಗ್ರೆಸಿಲಿಯೆ ಅಂದ್ರೆ ಮೇಲೆ ಹೇಳಿದ ಸೆಸಿಲಿಯೆಯಿಂದಲೇ ಬಂದದ್ದು, ಏನೂ ಹೇಳದಿದ್ರೆ ಅದೇ ಬರುತ್ತೆ. ಡೊಮಿನಿಕನ್ ಸಭೆಯ ಬರಹಪದ್ಧತಿಗೆ ಬೇಕಾದ ಆಕಾರಗಳಿರೋ ರೂಪಗಳೂ ಇವೆ.

ಪೂರ್ತಿ ಫಾಂಟ್ ಮಾಡೋ ಧೈರ್ಯ ಇಲ್ಲದಿದ್ರೂ ಇಲ್ಲಿ ಒಂದು ಸಣ್ಣ ಬಾಗಿಲಿದೆ. ಬೇರೊಂದು ಫಾಂಟಿಂದ ಒಂದೇ ಒಂದು ಗ್ಲಿಫನ್ನ ತಂದು ಹಾಕೋ ಕಮಾಂಡ್ ಇದೆ, ಹಾಗಾಗಿ ನಿಮಗೆ ಕುಸ್ಟೋಸ್ (ಸಾಲಿನ ಕೊನೇಲಿ ಮುಂದಿನ ಸ್ವರ ಯಾವುದು ಅಂತ ತೋರಿಸೋ ಗುರುತು) ಮಾತ್ರ ಬೇರೆ ಥರ ಬೇಕು ಅಥವಾ ಕೀಲಿಚಿಹ್ನೆ (ಯಾವ ಗೆರೆ ಯಾವ ಸ್ವರ ಅಂತ ಶುರುವಲ್ಲೇ ಹೇಳೋದು) ಮಾತ್ರ ಹಳೇ ಹಸ್ತಪ್ರತಿ ಥರ ಬೇಕು ಅಂದ್ರೆ ಅದೊಂದನ್ನೇ ಬರೆದು ಉಳಿದದ್ದನ್ನ ಗ್ರೆಸಿಲಿಯೆಗೆ ಬಿಡಬಹುದು. ಫಾಂಟ್ ಡಿಸೈನ್ ಕಲೀತಿರೋರು ಇಲ್ಲಿಂದಲೇ ಶುರು ಮಾಡಿ ಅಂತ ನಾನು ಒತ್ತಿ ಹೇಳ್ತೀನಿ, ನೀವು ಬರೆದ ಒಂದೇ ಗ್ಲಿಫ್ ನಿಜವಾದ ಪುಟದ ಮಧ್ಯೆ ಹೇಗೆ ಕಾಣುತ್ತೆ ಅಂತ ಅದೇ ದಿನ ನೋಡಬಹುದು.

ಇದರ ಕೊರತೆ ಅಂದ್ರೆ ಈ ಫಾಂಟು ಗ್ರೆಗೋರಿಯೋ ಆಚೆಗೆ ಹೆಚ್ಚು ಉಪಯೋಗಕ್ಕೆ ಬರಲ್ಲ. ಗ್ಲಿಫ್‌ಗಳಿಗೆ ಇರೋ ಹೆಸರುಗಳು ಅದರದ್ದೇ, ಬೇರೆ ಸಾಫ್ಟ್‌ವೇರಿಗೆ ಅವು ಅರ್ಥ ಆಗಲ್ಲ. ಟೆಕ್ ಅಂದ್ರೆ ಓಡಿಹೋಗೋ ಕಾಯರ್ ಮಾಸ್ಟರುಗಳೂ ಇದಾರೆ. ಆದ್ರೂ ಅಚ್ಚಿನ ಗುಣಮಟ್ಟದಲ್ಲಿ ಇದರ ಹತ್ತಿರಕ್ಕೆ ಬರೋದು ಕಡಿಮೆ, ಉಚ್ಚಾರಾಂಶದ ಸ್ವರಾಕ್ಷರವನ್ನ ಮೊದಲ ಚೌಕದ ಕೆಳಗೆ ಸರಿಯಾಗಿ ನಿಲ್ಲಿಸೋದು, ಸಾಲಿನ ಕೊನೇಲಿ ಕುಸ್ಟೋಸನ್ನ ತಾನೇ ಹಾಕೋದು, ಇವೆಲ್ಲ ಫಾಂಟಿನ ಕೈಲಿ ಆಗೋ ಕೆಲಸ ಅಲ್ಲವೇ ಅಲ್ಲ, ಪ್ರೋಗ್ರಾಮೇ ಮಾಡ್ಬೇಕು.

ಮೂರನೇದು, ಸ್ಮೂಫಲ್ ತುಣುಕುಗಳು

ಸ್ಮೂಫಲ್ ಅನ್ನೋದು ಸಂಗೀತ ಫಾಂಟುಗಳಿಗೆ ಒಂದು ಸಾಮಾನ್ಯ ಪಟ್ಟಿ, ಯಾವ ಗುರುತು ಯಾವ ಕೋಡಲ್ಲಿ ಇರ್ಬೇಕು ಅಂತ ಹೇಳುತ್ತೆ. 2013ರಲ್ಲಿ ಸ್ಟೈನ್‌ಬರ್ಗ್ ಕಂಪನಿ ಹೊರಗೆ ತಂದದ್ದು, ಜೊತೆಗೆ ಮಾದರಿಯಾಗಿ ಬ್ರವೂರಾ ಫಾಂಟ್ ಕೊಟ್ರು, 2015ರಿಂದ ಅದನ್ನ ವೆಬ್ ಮಾನದಂಡ ಮಾಡೋ ಡಬ್ಲ್ಯೂ3ಸಿ ಸಂಸ್ಥೆಯ ಸಂಗೀತ ಲಿಪಿ ಗುಂಪು ನೋಡ್ಕೊಳ್ತಿದೆ. ಯೂನಿಕೋಡಿನ ಪ್ರೈವೇಟ್ ಯೂಸ್ ಜಾಗದಲ್ಲಿ (ತಂತಮ್ಮ ಗುರುತು ಇಟ್ಕೊಳ್ಳೋಕೆ ಖಾಲಿ ಬಿಟ್ಟಿರೋದು) ಎಲ್ಲಾ ಗುರುತುಗಳೂ ಕೂತಿವೆ, ಅದರಲ್ಲಿ ಮಧ್ಯಯುಗದ ಚಾಂಟಿಗೇ ಅಂತ ಕೆಲವು ಸಾಲುಗಳಿವೆ: ಒಂಟಿ ಸ್ವರಗಳು, ಜೋಡಿ ಸ್ವರದ ಭಾಗಗಳು, ವಿಭಾಗದ ಗೆರೆಗಳು, ಎಪಿಸೆಮಾದಂಥ (ಸ್ವರ ಸ್ವಲ್ಪ ಎಳೀರಿ ಅಂತ ಹೇಳೋ ಸಣ್ಣ ಗೆರೆ) ಗುರುತುಗಳು.

ಇಲ್ಲಿ ನ್ಯೂಮ್ ಪೂರ್ತಿಯಾಗಿ ಸಿಗಲ್ಲ, ಭಾಗಗಳು ಸಿಗ್ತಾವೆ. ಪೊಡಾಟುಸ್ಸಿನ ಕೆಳಭಾಗ ಒಂದು, ಮೇಲ್ಭಾಗ ಒಂದು, ಅವನ್ನ ಸೇರಿಸೋ ಗೆರೆ ಅಂತರಕ್ಕೆ ತಕ್ಕಂತೆ ಒಂದೊಂದು, ಕೆಳಗಿಳಿಯೋ ಓರೆ ಪಟ್ಟಿ ಎರಡನೇ ಸ್ವರದಿಂದ ಐದನೇದರವರೆಗೆ ನಾಲ್ಕು. ಸಂಖ್ಯೆ ಕಡಿಮೆ, ಒಬ್ರೇ ಕೂತು ಬರೆದು ಮುಗಿಸೋವಷ್ಟು. ಅಳತೆನೂ ಖಚಿತ: ಐದು ಗೆರೆ ಸ್ಟಾಫಿನ ಎತ್ತರ ಒಂದು ಎಮ್ (ಫಾಂಟಿನ ಪೂರ್ತಿ ಅಳತೆ) ಅಂತ ಲೆಕ್ಕ, 1000 ಯೂನಿಟ್ ಫಾಂಟಲ್ಲಿ ಎರಡು ಗೆರೆ ಮಧ್ಯೆ 250, ಒಂದು ಮೆಟ್ಟಿಲಿಗೆ 125, ಹಾಗಾದ್ರೆ ಚಾಂಟಿನ ನಾಲ್ಕು ಗೆರೆಗೆ 750. ಚೌಕದ ನಡು ಬೇಸ್‌ಲೈನ್ ಮೇಲೆ ಕೂರ್ಬೇಕು.

ಆದ್ರೆ ಜೋಡಿಸೋರು ಯಾರು? ಡೊರಿಕೊ, ಮ್ಯೂಸ್‌ಸ್ಕೋರ್ ಅನ್ನೋ ಸಂಗೀತ ಬರೆಯೋ ಸಾಫ್ಟ್‌ವೇರ್ ಎರಡೂ ಸ್ಮೂಫಲ್ ಫಾಂಟ್ ಓದ್ತಾವೆ, ಚಾಂಟಿನ ಗುರುತುಗಳೂ ಫಾಂಟಲ್ಲಿರುತ್ತೆ, ಆದ್ರೆ ಈ ಸ್ವರಗಳು ಸೇರಿದ್ರೆ ಪೊರೆಕ್ಟುಸ್ ಅಂತ ತಿಳ್ಕೊಂಡು ಕಟ್ಟೋ ಕೆಲಸಕ್ಕೆ ಅವನ್ನ ಮಾಡಿಲ್ಲ. ಆ ಕೆಲಸ ಮಾಡೋದು ವೆರೋವಿಯೋ ಅನ್ನೋ ಫ್ರೀ ಲೈಬ್ರರಿ, ಎಂಇಐ ಅನ್ನೋ ಮಾರ್ಕಪ್ಪಲ್ಲಿ ಬರೆದ ನ್ಯೂಮ್‌ಗಳನ್ನ ಬ್ರೌಸರಲ್ಲೇ ಬಿಡಿಸುತ್ತೆ, ಮಾಂಟ್ರಿಯಲ್‌ನ ಮೆಗಿಲ್ ಯೂನಿವರ್ಸಿಟಿಯೋರ ನಿಯಾನ್ ಎಡಿಟರ್ ಇದನ್ನೇ ಬಳಸುತ್ತೆ. ಹಸ್ತಪ್ರತಿಗಳನ್ನ ಡಿಜಿಟಲ್ ಮಾಡೋ ಸಂಶೋಧನೆ ನಿಮ್ಮ ಗುರಿ ಆಗಿದ್ರೆ ಸ್ಮೂಫಲ್ ಬಿಟ್ಟು ಬೇರೆ ಕಡೆ ನೋಡೋದೇ ಬೇಡ. ಸುಂದರ ಪುಸ್ತಕ ಗುರಿ ಆಗಿದ್ರೆ ಇದು ಸಾಲದು, ಕಾರಣ ಏನಂದ್ರೆ ಭಾಗಗಳು ಸೇರೋ ಜಾಗದಲ್ಲಿ ಕಣ್ಣಳತೆಯಿಂದ ಮಾಡೋ ಸಣ್ಣ ಸಣ್ಣ ತಿದ್ದುಪಡಿಗೆ ಅವಕಾಶ ಕಡಿಮೆ.

ಒಂದು ಸ್ಟ್ಯಾಂಡರ್ಡ್ ಹಿಡಿಯೋದ್ರಲ್ಲಿ ಇರೋ ಭದ್ರತೆ ಬಗ್ಗೆ ಒಂದು ಮಾತು. ಫಿನಾಲೆ ಅನ್ನೋ ಸಂಗೀತ ಬರೆಯೋ ಸಾಫ್ಟ್‌ವೇರಿಗೆ ಮೆಡೀವಲ್ ಅಂತ ಒಂದು ಪ್ಲಗಿನ್ ಇತ್ತು, ಹಳೇ ಲಿಪಿಗಳನ್ನ ಬರೆಯೋರಿಗೆ ಅದು ನಿಜವಾಗ್ಲೂ ಒಳ್ಳೆ ಆಸರೆ. 2024ರಲ್ಲಿ ಫಿನಾಲೆನೇ ನಿಲ್ಲಿಸ್ತೀವಿ ಅಂತ ಘೋಷಣೆ ಆಯ್ತು. ಒಂದೇ ಪ್ರೋಗ್ರಾಮಿಗೆ ಕಟ್ಟುಬಿದ್ದ ಫಾಂಟಿನ ಆಯಸ್ಸು ಆ ಪ್ರೋಗ್ರಾಮಿನ ಆಯಸ್ಸಿನಷ್ಟೇ, ಗ್ರೆಗೋರಿಯೋ ದಾರಿ ಹಿಡಿಯೋರೂ ಇದನ್ನ ಮನಸ್ಸಲ್ಲಿಟ್ಕೊಂಡು ಮೂಲ ತುಣುಕುಗಳಿಗೆ ಸ್ಮೂಫಲ್ ಕೋಡನ್ನೂ ಜೊತೆಗೇ ಕೊಟ್ಟಿಟ್ರೆ ಒಳ್ಳೇದು.

ನಾಲ್ಕನೇದು, ಓಪನ್‌ಟೈಪ್ ನಿಯಮಗಳು ಫಾಂಟ್ ಒಳಗೇ

ನಮ್ಮ ಒತ್ತಕ್ಷರ ಹೇಗೆ ಕೂಡ್ಕೊಳ್ಳುತ್ತೋ ಅದೇ ಯಂತ್ರ ಇಲ್ಲೂ. ಎರಡು ಸ್ವರದ ಅಕ್ಷರ ಪಕ್ಕಪಕ್ಕ ಟೈಪ್ ಮಾಡಿದ್ರೆ ಲಿಗೇಚರ್ (ಅಕ್ಷರ ಕೂಡಿಸೋ) ನಿಯಮ ಅದನ್ನ ಪೊಡಾಟುಸ್ ಮಾಡುತ್ತೆ, ಎಪಿಸೆಮಾ ಹಾಕಿದ್ರೆ ಆಂಕರ್ ಅನ್ನೋ ಗುರುತಿಸಿಟ್ಟ ಬಿಂದು ನೋಡ್ಕೊಂಡು ತಲೆ ಮೇಲೆ ಹೋಗಿ ಕೂರುತ್ತೆ. ಬೇರೆ ಪ್ರೋಗ್ರಾಮ್ ಬೇಡ, ಇನ್‌ಡಿಸೈನ್, ಲಿಬ್ರೆಆಫೀಸ್, ಬ್ರೌಸರ್ ಎಲ್ಲಾ ಕಡೆ ಓಡ್ಬೇಕು. ಕೇಳೋಕೆ ಇದೇ ಎಲ್ಲಕ್ಕಿಂತ ಚೆನ್ನ, ಮಾಡೋಕೆ ಹೋದಾಗ ಎರಡು ಕಡೆ ಸಿಕ್ಕಾಕ್ಕೊಳ್ಳುತ್ತೆ. ಅಕ್ಷರಗಳ ನಡುವೆ ಜಾಗ ಹಿಗ್ಗಿಸಿದ್ರೆ ಲಿಗೇಚರ್ ಬಿಚ್ಕೊಳ್ಳುತ್ತೆ, ವೆಬ್ ಪುಟದಲ್ಲಿ ಲೆಟರ್ ಸ್ಪೇಸಿಂಗ್ ಕೊಟ್ಟ ತಕ್ಷಣ ಬ್ರೌಸರ್ ಐಚ್ಛಿಕ ಲಿಗೇಚರನ್ನ ಆಫ್ ಮಾಡೋದು ನಿಯಮದ ಪ್ರಕಾರವೇ ಸರಿ. ಎರಡನೇದಾಗಿ ಕೆಳಗಿನ ಲ್ಯಾಟಿನ್ ಪದ ಇನ್ನೊಂದು ಸಾಲಲ್ಲಿರುತ್ತೆ, ಅದಕ್ಕೂ ಮೇಲಿನ ನ್ಯೂಮ್‌ಗೂ ಸಂಬಂಧವೇ ಇಲ್ಲ, ಕೈಯಲ್ಲಿ ಸ್ಪೇಸ್ ಒತ್ತಿ ಒತ್ತಿ ಹೊಂದಿಸ್ಬೇಕು. ಪದ ಇಲ್ಲದ ಸಣ್ಣ ಉದಾಹರಣೆಗಳನ್ನ ಲೇಖನದ ಮಧ್ಯೆ ಹಾಕೋಕೆ, ಪಾಠದ ಪುಸ್ತಕಕ್ಕೆ ಇದು ತುಂಬಾ ಚೆನ್ನಾಗಿದೆ, ಇಡೀ ಗ್ರಾಡುವಾಲೆ (ಚರ್ಚಿನ ಪೂಜೆಯ ಹಾಡುಗಳ ಪುಸ್ತಕ) ಇದರಲ್ಲಿ ಕೂರಿಸ್ತೀನಿ ಅಂತ ಹೊರಡಬೇಡಿ.

ಯೂನಿಕೋಡಲ್ಲೇ ಗ್ರೆಗೋರಿಯನ್ ಗುರುತು ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಇದೆ, 2001ರ 3.1 ಆವೃತ್ತಿಯಿಂದ ಸಂಗೀತದ ಬ್ಲಾಕಲ್ಲಿ ಎರಡು ಕೀಲಿಚಿಹ್ನೆ, ವಿರ್ಗ, ಪೊಡಾಟುಸ್, ಕ್ಲಿವಿಸ್ ಥರದ ಹತ್ತಕ್ಕೂ ಹೆಚ್ಚು ಗುರುತುಗಳಿವೆ. ಆದ್ರೆ ಒಂದೊಂದಕ್ಕೆ ಒಂದೇ ಕೋಡು, ಅಂತರ ಎಷ್ಟು ಅಂತ ಹೇಳೋ ಮಾರ್ಗವೇ ಅದರಲ್ಲಿಲ್ಲ. ಇದು ಪೊಡಾಟುಸ್ ನೋಡಿ ಅಂತ ವಾಕ್ಯದ ಮಧ್ಯೆ ತೋರ್ಸೋಕೆ ಸಾಕು, ಹಾಡೋಕೆ ಸಾಲದು.

ಇನ್ನೊಂದು ಬೇರೆಯದೇ ಜಾತಿ ವೊಲ್ಪಿಯಾನೋ, ರೇಗೆನ್ಸ್‌ಬುರ್ಗ್ ಯೂನಿವರ್ಸಿಟಿಯ ಡೇವಿಡ್ ಹೈಲಿ ಮತ್ತು ಫೇಬಿಯನ್ ವೇಬರ್ ಮಾಡಿದ್ದು. ಚೌಕಗಳೇ ಇಲ್ಲ, ಐದು ಗೆರೆ ಮೇಲೆ ಬಾಲ ಇಲ್ಲದ ದುಂಡು ಸ್ವರಗಳು, ಒಂದು ಹೈಫನ್ ಅಂದ್ರೆ ನ್ಯೂಮ್ ಬದಲಾಯ್ತು, ಎರಡಂದ್ರೆ ಉಚ್ಚಾರಾಂಶ, ಮೂರಂದ್ರೆ ಪದ. ಟೈಪ್ ಮಾಡಿದ ಅಕ್ಷರಸಾಲೇ ಡೇಟಾ ಆಗಿರೋದ್ರಿಂದ ರಾಗ ಹುಡುಕೋಕೆ ಬಹಳ ಸಲೀಸು, ಚಾಂಟ್ ಹಸ್ತಪ್ರತಿಗಳ ಕಾಂಟುಸ್ ಡೇಟಾಬೇಸಲ್ಲಿ ರಾಗಗಳನ್ನ ಹೀಗೇ ಇಟ್ಟಿದಾರೆ. ನ್ಯೂಮಿನ ಆಕಾರ ಮುಖ್ಯ ಅಲ್ಲ, ಸ್ವರ ಮಾತ್ರ ಸಾಕು ಅನ್ನೋ ಕೆಲಸಕ್ಕೆ ಇದಕ್ಕಿಂತ ಜಾಣ ವ್ಯವಸ್ಥೆ ನಾನು ನೋಡಿಲ್ಲ.

ಈಗ ಆಕಾರದ ವಿಷಯ

ದಾರಿ ಆರಿಸ್ಕೊಂಡ್ಮೇಲೆ ಯಾರ ಕೈಬರಹವನ್ನ ಮಾದರಿ ಮಾಡ್ಕೊಳ್ಳೋದು ಅನ್ನೋದು ಉಳಿಯುತ್ತೆ. ಇವತ್ತು ಬಹುಪಾಲು ಜನ ಚಾಂಟ್ ಅಂದ್ರೆ ಕಣ್ಮುಂದೆ ತಂದ್ಕೊಳ್ಳೋದು ಫ್ರಾನ್ಸಿನ ಸೊಲೆಮ್ ಮಠದ ರೂಪ. ಅಲ್ಲಿನ ದೋಮ್ ಜೋಸೆಫ್ ಪೋತಿಯೆ 1883ರಲ್ಲಿ ಲಿಬರ್ ಗ್ರಾಡುವಾಲಿಸ್ ತಂದಾಗ ಬೆಲ್ಜಿಯಂನ ಟುರ್ನೆಯಲ್ಲಿದ್ದ ದೆಕ್ಲೆ ಅಚ್ಚುಕೂಟದಲ್ಲಿ ಹಳೇ ಹಸ್ತಪ್ರತಿಗಳ ನ್ಯೂಮನ್ನ ಹೋಲೋ ಅಚ್ಚುಮೊಳೆಗಳಲ್ಲಿ ಮುದ್ರಣ ಆಯ್ತು, ಆಮೇಲೆ 1908ರ ವ್ಯಾಟಿಕನ್ ಗ್ರಾಡುವಾಲೆಯೂ ಅದೇ ಧಾಟಿ ಹಿಡಿದದ್ದರಿಂದ ಅದೇ ರೂಢಿ ಆಗೋಯ್ತು. ಹಾಡೋರಿಗೆ ಅಭ್ಯಾಸ ಆಗಿರೋದು ಇದೇ, ಕಾಯರಿಗೆ ಅಂತ ಮಾಡೋದಾದ್ರೆ ಇದನ್ನ ಬಿಟ್ಟು ಆಚೆ ಈಚೆ ಹೋಗಬೇಡಿ.

ಜರ್ಮನ್ ಪ್ರದೇಶದ ಹಳೇ ಪುಸ್ತಕಗಳ ಹುಫ್‌ನಾಗೆಲ್ ರೂಪ, ಅಂದ್ರೆ ಕುದುರೆ ಲಾಳದ ಮೊಳೆ ಥರ ಕಾಣೋದು, ಅದನ್ನ ಫಾಂಟ್ ಮಾಡೋಕೆ ಇನ್ನೂ ಸಾಕಷ್ಟು ಜಾಗ ಖಾಲಿ ಇದೆ. ಲಿಲಿಪಾಂಡ್ ಅನ್ನೋ ಸಂಗೀತ ಬರೆಯೋ ಪ್ರೋಗ್ರಾಮಲ್ಲಿ ಆ ಶೈಲಿಯ ಬಿಡಿ ಗುರುತುಗಳಿವೆ, ಆದ್ರೆ ಪೂರ್ತಿ ನ್ಯೂಮ್ ಕಟ್ಟೋ ವ್ಯವಸ್ಥೆ ಅಲ್ಲಿರೋದು ವ್ಯಾಟಿಕನ್ ಚೌಕ ಶೈಲಿಗೆ. ಗೆರೆಯೇ ಇಲ್ಲದ ಸಾಂಕ್ಟ್ ಗಾಲನ್, ಲಾಂವ್ ಹಸ್ತಪ್ರತಿಗಳ ನ್ಯೂಮ್‌ಗಳದ್ದು ಇನ್ನೊಂದು ಲೋಕ, 1979ರ ಗ್ರಾಡುವಾಲೆ ಟ್ರಿಪ್ಲೆಕ್ಸಲ್ಲಿ ಅವನ್ನ ಚೌಕಗಳ ಮೇಲೂ ಕೆಳಗೂ ಕೈಯಲ್ಲೇ ಬರೆದಿದಾರೆ, ಗ್ರೆಗೋರಿಯೋ ಜೊತೆ ಅದಕ್ಕೂ ಫಾಂಟುಗಳು ಬರ್ತಾವೆ.

ಸೊಲೆಮ್ ಮಾದರಿ ಅಂತಾನೇ ಇಟ್ಕೊಂಡ್ರೆ ನಿಮ್ಮ ಕೈಚಳಕ ಪರೀಕ್ಷೆ ಆಗೋದು ಪೊರೆಕ್ಟುಸಲ್ಲಿ. ಮೇಲಿನ ಸ್ವರ, ಕೆಳಗಿನ ಸ್ವರ, ಈ ಎರಡಕ್ಕೆ ಬೇರೆ ಬೇರೆ ಚೌಕ ಇರಲ್ಲ, ಒಂದೇ ಓರೆ ಪಟ್ಟಿ. ಪಟ್ಟಿಯ ಎಡ ತುದಿ ಮೊದಲ ಸ್ವರ, ಬಲ ತುದಿ ಎರಡನೇದು, ಮೂರನೇ ಸ್ವರ ಬಲ ತುದಿಯ ನೆತ್ತಿ ಮೇಲೆ ಸಣ್ಣ ಚೌಕ, ಎಡಗಡೆ ಕೆಳಕ್ಕೊಂದು ತೆಳು ಬಾಲ. ಪಟ್ಟಿಯ ಲಂಬ ದಪ್ಪ ಎಲ್ಲಾ ಕಡೆ ಚೌಕದ ಎತ್ತರದಷ್ಟೇ ಇರ್ಲಿ ಅಂತ ಬರೆದ್ರೆ ಒಂದು ಮೆಟ್ಟಿಲು ಇಳಿಯೋದು ಚೆನ್ನಾಗಿ ಕಾಣುತ್ತೆ, ನಾಲ್ಕು ಮೆಟ್ಟಿಲು ಇಳಿಯೋ ಹೊತ್ತಿಗೆ ಪಟ್ಟಿ ಕಡಿದಾಗಿ ಬಡಕಲಾಗುತ್ತೆ. 45 ಡಿಗ್ರಿ ಓರೆ ಆದ್ರೆ ಪಟ್ಟಿಯ ಓರೆಗೆ ನೇರ ಅಡ್ಡವಾಗಿ, ಅಂಚಿಂದ ಅಂಚಿಗೆ ಅಳೆದ ದಪ್ಪ 70 ಪರ್ಸೆಂಟಿಗೆ ಇಳಿದಿರುತ್ತೆ, ಗಣಿತವೇ ಹಾಗೆ. ಅದಕ್ಕೆ ಅಂತರ ಹೆಚ್ಚಾದಷ್ಟೂ ಪಟ್ಟಿಯನ್ನ ಅಗಲಕ್ಕೂ ಹಿಗ್ಗಿಸ್ಬೇಕು, ಎಷ್ಟು ಅನ್ನೋದಕ್ಕೆ ಸೂತ್ರ ಇಲ್ಲ, ಪುಟದ ಮೇಲೆ ಪ್ರಿಂಟ್ ತೆಗೆದು ಕಣ್ಣಲ್ಲೇ ಅಳೀಬೇಕು. ಪಟ್ಟಿನೂ ಪೂರ್ತಿ ನೇರ ಅಲ್ಲ, ಒಂಚೂರು ಬಾಗಿದ್ರೆ ಪೆನ್ನಿಂದ ಬಂದ ಹಾಗಿರುತ್ತೆ. ಲಿಲಿಪಾಂಡ್ ಈ ಪಟ್ಟಿಗೆ ಗ್ಲಿಫೇ ಇಟ್ಟಿಲ್ಲ, ಅಂತರ ನೋಡಿ ಪ್ರೋಗ್ರಾಮೇ ಬಿಡಿಸುತ್ತೆ, ಎಲ್ಲಾ ಅಂತರಕ್ಕೂ ಸರಿಹೋಗುತ್ತೆ ಆದ್ರೆ ಒಂದೊಂದನ್ನ ಬೇರೆ ಬೇರೆಯಾಗಿ ತಿದ್ದೋ ಸುಖ ಡಿಸೈನರಿಗೆ ಸಿಗಲ್ಲ.

ಬಾಲದ ಉದ್ದವೂ ಸುಮ್ನೆ ಬಿಡೋ ವಿಷಯ ಅಲ್ಲ. ಸ್ವರ ಗೆರೆ ಮೇಲಿದ್ದಾಗ ಒಂದು ಉದ್ದ, ಎರಡು ಗೆರೆ ಮಧ್ಯೆ ಇದ್ದಾಗ ಇನ್ನೊಂದು ಉದ್ದ, ಇಲ್ಲಾಂದ್ರೆ ಬಾಲದ ತುದಿ ಸರಿಯಾಗಿ ಗೆರೆ ಮೇಲೇ ಬಂದು ಕರಗಿ ಹೋಗುತ್ತೆ, ಬಾಲ ಮುಗೀತಾ ಇಲ್ವಾ ಗೊತ್ತಾಗಲ್ಲ. ಗ್ರೆಗೋರಿಯೋ ಫಾಂಟಲ್ಲಿ ಗಿಡ್ಡ ಬಾಲ ಉದ್ದ ಬಾಲ ಎರಡೂ ರೂಪ ಇರೋದು ಅದಕ್ಕೇ. ಹಾಗೇ ಒಳಗೆ ಟೊಳ್ಳಾಗಿರೋ ಚೌಕ ಬೇಕಾದಾಗ ಹಿಂದಿನ ಗೆರೆ ಟೊಳ್ಳಿನೊಳಗೆ ಹಾದುಹೋಗ್ಬಾರ್ದು, ಅದಕ್ಕೆ ಆ ಟೊಳ್ಳಿನ ಅಳತೆಯದ್ದೇ ಇನ್ನೊಂದು ಗ್ಲಿಫ್ ಬರೆದು ಗೆರೆಯನ್ನ ಮುಚ್ಚೋ ಏರ್ಪಾಡಿದೆ. ಇಂಥವು ಫಾಂಟ್ ಮುಗೀತು ಅನ್ನೋ ಹೊತ್ತಿಗೆ ಒಂದೊಂದಾಗಿ ತಲೆ ಎತ್ತುತ್ತಾವೆ, ಮೊದಲೇ ಪಟ್ಟಿಗೆ ಸೇರಿಸ್ಕೊಳ್ಳಿ.

ಇನ್ನು ಪುಂಕ್ಟುಮ್. ರೂಲರ್ ಇಟ್ಟು ಚೌಕ ಬರೆದ್ರೆ ಪುಟ ತುಂಬಾ ಟೈಲ್ಸ್ ಅಂಟಿಸಿದ ಹಾಗಾಗುತ್ತೆ. ಮೇಲಂಚು ಕೆಳಂಚಿಗೆ ಸ್ವಲ್ಪ ಬಾಗು, ಮೂಲೆ ತುಸು ಮೊಂಡು, ಅಷ್ಟು ಮಾಡಿದ್ರೂ ಉಸಿರಾಡುತ್ತೆ. ಇದು ಒಂದು ಪುಟದಲ್ಲಿ ನೂರಾರು ಸಲ ಬರೋ ಆಕಾರ, ಉಳಿದೆಲ್ಲ ನ್ಯೂಮ್‌ಗಳ ತಾಯಿನೂ ಅದೇ, ಅದಕ್ಕೆ ಎಷ್ಟು ಟೈಮ್ ಕೊಟ್ರೂ ಹೆಚ್ಚಲ್ಲ.

ಲೈಸೆನ್ಸ್ ಬಗ್ಗೆ ಚುಟುಕಾಗಿ. ಸೆಸಿಲಿಯೆ, ಬ್ರವೂರಾ ಎರಡೂ ಓಪನ್ ಫಾಂಟ್ ಲೈಸೆನ್ಸಲ್ಲಿವೆ, ತೆಗೆದು ಬದಲಾಯಿಸಿ ಹಂಚಬಹುದು, ಆದ್ರೆ ಬದಲಾಯಿಸಿದ್ದನ್ನೂ ಅದೇ ಲೈಸೆನ್ಸಲ್ಲೇ ಕೊಡ್ಬೇಕು, ಫಾಂಟನ್ನ ಒಂಟಿಯಾಗಿ ಮಾರೋ ಹಾಗಿಲ್ಲ, ಮೂಲದೋರು ಹೆಸರನ್ನ ಕಾದಿರಿಸಿದ್ರೆ ಆ ಹೆಸರು ಇಟ್ಕೊಳ್ಳೋ ಹಾಗಿಲ್ಲ. ಅದರಲ್ಲಿ ಮಾಡಿದ ಪುಸ್ತಕ, ಪಿಡಿಎಫ್ ಮಾರೋದಕ್ಕೆ ಯಾವ ತಡೆಯೂ ಇಲ್ಲ.

ನನ್ನನ್ನ ಕೇಳಿದ್ರೆ ಹೀಗೆ ಮಾಡಿ ಅಂತೀನಿ. ಪುಸ್ತಕವೋ ಕಾಯರ್ ಫೋಲ್ಡರೋ ಆದ್ರೆ ಎರಡನೇ ದಾರಿ, ಕಣ್ಮುಚ್ಕೊಂಡು. ಹಸ್ತಪ್ರತಿ ಸಂಶೋಧನೆ, ವೆಬ್ ಎಡಿಟರ್ ಆದ್ರೆ ಸ್ಮೂಫಲ್. ರಾಗ ಹೋಲಿಸೋ ಕೆಲಸ ಆದ್ರೆ ಫಾಂಟ್ ಮಾಡೋದೇ ಬೇಡ, ವೊಲ್ಪಿಯಾನೋ ಇದೆ. ಪಾಠದ ಪುಸ್ತಕದ ಬಿಡಿ ಉದಾಹರಣೆಗೆ ಓಪನ್‌ಟೈಪ್. ಟೈಪ್ ಮಾಡೋ ಫಾಂಟನ್ನ ಹೊಸದಾಗಿ ಮಾಡೋಕೆ ಹೋಗಬೇಡಿ, ಇರೋದನ್ನೇ ಬಳಸಿ. ಯಾವ ದಾರಿ ಹಿಡಿದ್ರೂ ಪರೀಕ್ಷೆಗೆ ಎರಡು ಥರದ ಹಾಡು ಇಟ್ಕೊಳ್ಳಿ, ಒಂದು ಉಚ್ಚಾರಾಂಶಕ್ಕೆ ಒಂದೇ ಸ್ವರ ಇರೋ ಸರಳವಾದದ್ದು, ಇನ್ನೊಂದು ಒಂದೇ ಉಚ್ಚಾರಾಂಶದ ಮೇಲೆ ಮೂವತ್ತು ನಲವತ್ತು ಸ್ವರ ಎಳೆಯೋ ಅಲ್ಲೆಲೂಯಾ. ಮೊದಲನೇದರಲ್ಲಿ ಚೌಕದ ಆಕಾರ ಗೊತ್ತಾಗುತ್ತೆ, ಎರಡನೇದರಲ್ಲಿ ಕೀಲುಗಳೂ ಜಾಗಗಳೂ. ಎರಡನ್ನೂ ಸಾಮಾನ್ಯ ಲೇಸರ್ ಪ್ರಿಂಟರಲ್ಲಿ, ಕಾಯರ್ ಬಳಸೋ ಅಳತೆಯಲ್ಲೇ ತೆಗೆದು, ಹಾಡೋರ ಕೈಗೆ ಕೊಟ್ಟು ಒಂದು ಮೀಟರ್ ದೂರದಿಂದ ಓದಿಸಿ, ತೆಳು ಬಾಲಗಳು ಅಲ್ಲಿಂದ ಕಾಣ್ತಿಲ್ಲ ಅಂದ್ರೆ ಮತ್ತೆ ಫಾಂಟ್‌ಫೋರ್ಜ್ ತೆಗೆದು ದಪ್ಪ ಮಾಡಿ.